ರೇಡಿಯೋಗೆ ನಾನು ಎಳೆದುಕೊಟ್ಟ ಕಪ್ಪು ವೈರು

ಕಾರ್ತಿಕದ ಎರಡನೇ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಇದ್ದವರು ನಾಲ್ವರು. ನಾನು. ಪಕ್ಕದ ಶೆಡ್ಡಿನ ಟಿಂಕರ್ ಭಾಯಿ. ಮೊಳಕಾಲ್ಮೂರಿನಿಂದ ಬೂದು ಬಣ್ಣದ ಡೀಸೆಲ್ ಕಾರನ್ನು ತಾನೇ ಓಡಿಸಿಕೊಂಡು ಬಂದಿದ್ದ, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮತ್ತು ಆಕೆಯ ಅತ್ತೆ.

ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದಿದ್ದರು. ಡಾಕ್ಟರು ಬರುವುದು ಹತ್ತೂವರೆಗೆ. ಅಷ್ಟರಲ್ಲಿ ರೇಡಿಯೋ ನೋಡಿಸೋಣ ಎಂದು ಸೊಸೆ ಗಾಡಿಯನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ್ದಳು. ಹಿಂದಿನ ಸೀಟಿನ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೇಷ್ಮೆ ಸೀರೆಯ ಗಂಟುಗಳಿದ್ದವು.

ನಾನು ಸೈನ್ಯದಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದವನು. ಅಲ್ಲಿಂದ ತಂದ ಕ್ರಮ ಒಂದಿದೆ. ಗಾಡಿಯವರು ದೂರು ಪೂರ್ತಿ ಹೇಳಿ ಮುಗಿಸುವ ತನಕ ಬಾನೆಟ್ ಎತ್ತುವುದಿಲ್ಲ.

"ಏನ್ ತೊಂದ್ರೆ, ಹೇಳ್ರಮ್ಮ."

"ರೇಡಿಯೋ ಕೂಗ್ತೈತ್ರಿ."

"ಹೆಂಗೆ ಕೂಗ್ತೈತೆ?"

"ಗಾಡಿ ಜೋರು ಮಾಡಿದ್ರೆ ಜೋರಾಗ್ತೈತೆ. ನಿಧಾನ ಮಾಡಿದ್ರೆ ಸಣ್ಣಗಾಗ್ತೈತೆ. ಕುಯ್ ಅಂತ ಒಂದೇ ರಾಗ."

ಬೆಂಚಿನ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ನರಳ್ತೈತೆ ಅಂತ ಹೇಳೇ. ಇದ್ದದ್ದನ್ನ ಇದ್ದಂಗೆ ಹೇಳಾಕೇನು?"

ಭಾಯಿ ಕೈಯಲ್ಲಿ ಚಹಾ ಲೋಟ ಹಿಡಿದು ನಮ್ಮ ಕಡೆಗೇ ಬಂದ. "ಅರೆ, ಕಿತ್ತು ಬಿಸಾಕ್ರಮ್ಮ. ಈಗ ಎಲ್ರೂ ಮೊಬೈಲ್‌ನಾಗೇ ಕೇಳ್ತಾರೆ. ಹವಾಲ್ದಾರ್ ಸಾಬ್ ಕೈಗೆ ಕೊಟ್ರೆ ಸಾಯಂಕಾಲದ ತನಕ ಮೀಟರ್ ಹಿಡ್ಕೊಂಡು ಗಾಡಿಗೆ ಪ್ರದಕ್ಷಿಣೆ ಹಾಕ್ತಾರೆ, ನೋಡ್ತಿರ್ರಿ."

ಸೊಸೆ ನಗಲಿಲ್ಲ. "ಆರಿಸೇ ಇಟ್ಟಿರ್ತೀನಿ ಭಾಯಿ. ಆರಿಸಿದ್ರೂ ಕೇಳಿದಂಗೇ ಆಗ್ತೈತೆ."

ಆರಿಸಿದ ಸೆಟ್ಟಿನಿಂದ ಸದ್ದು ಬರಲಾರದು. ಆದರೂ ನಾನು ಅದನ್ನು ತಿದ್ದಲು ಹೋಗಲಿಲ್ಲ. ಮುಂದಿನ ಪ್ರಶ್ನೆ ಕೇಳಿದೆ. "ಯಾವಾಗಿಂದ?"

"ನಮ್ಮ ಯಜಮಾನ್ರು ಹೋದ ದಿನದಿಂದ."

ಅತ್ತೆ ಮುಖ ತಿರುಗಿಸಿಕೊಂಡರು. ಸೊಸೆ ಗಾಡಿಯ ಬಾಗಿಲು ಹಿಡಿದುಕೊಂಡು, ಎಷ್ಟೋ ಸಲ ಹೇಳಿ ಸವೆದ ಮಾತಿನ ಹಾಗೆ, ಒಂದೇ ದನಿಯಲ್ಲಿ ಹೇಳಿದಳು. ಎರಡು ವರ್ಷದ ಮೇಲಾಯಿತು. ಮಳೆಗಾಲ, ಮುಚ್ಚಂಜೆ. ಗಂಡ ಚಳ್ಳಕೆರೆಯಲ್ಲಿ ಸೀರೆ ಕೊಟ್ಟು ಊರಿಗೆ ವಾಪಸಾಗುತ್ತಿದ್ದ. ಎಲ್ಲಿದ್ದೀರಿ ಎಂದು ಕೇಳಲು ಈಕೆ ಫೋನ್ ಮಾಡಿದಳು. ಬಿ.ಜಿ. ಕೆರೆ ಊರು ದಾಟಿದೆ ಎಂದ. ಅಷ್ಟರಲ್ಲಿ ಫೋನಿನಲ್ಲಿ ಈ ಸದ್ದು ಕೇಳಿಸಿತು. "ರೇಡಿಯೋ ಮತ್ತೆ ಕೂಗ್ತೈತೆ. ಲೈಟ್ ಯಾಕೋ ಇಳೀತಾ ಐತೆ. ಫೋನ್ ಇಡು" ಎಂದ. ರಸ್ತೆ ಬದಿಯಲ್ಲಿ ಟೈರು ಪಂಕ್ಚರ್ ಆದ ಶೇಂಗಾ ಟ್ರಾಕ್ಟರ್ ಒಂದು ನಿಂತಿತ್ತು. ಅದರ ಹಿಂದಕ್ಕೆ ಗಾಡಿ ನುಗ್ಗಿತು.

"ಲೈಟ್ ಇಳೀತು ಅಂತ ನಾನು ಹೇಳಿದ್ರೆ ಯಾರೂ ನಂಬಲಿಲ್ಲ" ಎಂದಳು. "ಅವ್ರ ಫೋನ್‌ನಾಗೆ ಕೊನೇದಾಗಿ ನನ್ನ ನಂಬರ್ ಇತ್ತು. ಅಷ್ಟೇ ಸಾಕಾಯ್ತು."

"ಹೊತ್ತಲ್ಲದ ಹೊತ್ತಿನಾಗೆ ಫೋನ್ ಮಾಡಿದ್ಳು" ಎಂದರು ಅತ್ತೆ. ಗಟ್ಟಿಯಾಗಿ ಅಲ್ಲ. ಮನೆಯಲ್ಲಿ ದಿನಾ ಆಡುವ ಮಾತನ್ನು ಹೊರಗೂ ಆಡಿದ ಹಾಗೆ.

ಈ ಸಾವಿನ ಸುದ್ದಿ ನನಗೆ ಗೊತ್ತಿತ್ತು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ, ಬಿ.ಜಿ. ಕೆರೆಯಿಂದಾಚೆಗೆ, ಫೋನಿನಲ್ಲಿ ಮಾತಾಡುತ್ತಾ ಗುದ್ದಿಸಿಕೊಂಡ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೆ. ಆ ಮನುಷ್ಯನ ಮುಖವೂ ನೆನಪಿತ್ತು. ಸಾಯುವ ಎಂಟು ತಿಂಗಳ ಮೊದಲು ಅವನು ಇದೇ ದೂರು ಹಿಡಿದು ನನ್ನ ಅಂಗಡಿಗೆ ಬಂದಿದ್ದ. ಆಗ ಗಾಡಿ ಬಿಳಿ ಬಣ್ಣದ್ದಾಗಿತ್ತು, ಅದಕ್ಕೇ ಈಗ ಗುರುತು ಹತ್ತಿರಲಿಲ್ಲ. ಸಾವಿನ ಸುದ್ದಿ ಕೇಳಿದ ದಿನ ನಾನು ಮಾಡಿದ ರಿಪೇರಿಯ ಬಗ್ಗೆ ಒಂದು ಅನುಮಾನ ಎದ್ದಿತು. ಫೋನು ಎಂದ ಕೂಡಲೇ ಅದು ಸುಮ್ಮನಾಯಿತು. ಹಾಗಾದರೆ ಫೋನಿನಿಂದ ಆದದ್ದು, ಎಂದು ನನಗೆ ನಾನೇ ಹೇಳಿಕೊಂಡೆ. ಯಾವ ಮಾತು ಈ ಹೆಣ್ಣುಮಗಳನ್ನು ಎರಡು ವರ್ಷ ಸುಟ್ಟಿತೋ ಅದೇ ಮಾತಿನ ನೆರಳಿನಲ್ಲಿ ನಾನು ತಣ್ಣಗೆ ಕೂತಿದ್ದೆ.

"ಇದಕ್ಕೂ ಮೊದ್ಲು ಒಂದ್ಸಲ ಹಿಂಗೇ ಕೂಗಿತ್ತು" ಎಂದರು ಅತ್ತೆ. "ಆಯುಧಪೂಜೆ ಆದ ಮೇಲೆ. ಇಲ್ಲೇ ಚಳ್ಳಕೆರೆಯಾಗೆ ಯಾರೋ ಸರಿ ಮಾಡಿಕೊಟ್ರಂತೆ. ಭಾಳ ಹೊಗಳ್ತಿದ್ದ ಅವ್ರನ್ನ."

ಅದು ನಾನೇ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಬಾನೆಟ್ ತೆಗೀರಿ" ಎಂದೆ.

ಪರೀಕ್ಷೆಗಳನ್ನು ಒಂದರ ಹಿಂದೆ ಒಂದು, ತಪ್ಪದ ಕ್ರಮದಲ್ಲಿ ಮಾಡಬೇಕು. ಎಂಜಿನ್ ಆರಿಸಿ ರೇಡಿಯೋ ಹಚ್ಚಿದೆ. ಶುದ್ಧವಾಗಿ ಮಾತಾಡಿತು. ಎಂಜಿನ್ ಹಚ್ಚಿಸಿದೆ. ಸಣ್ಣ ಸೊಳ್ಳೆಯ ದನಿಯ ಹಾಗೆ ಶುರುವಾಯಿತು. ಭಾಯಿಯನ್ನು ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಒತ್ತಲು ಹೇಳಿದೆ. ಎಂಜಿನ್ ಏರಿದಂತೆ ದನಿಯೂ ಏರಿತು. ಎಂಜಿನ್ ಇಳಿದಂತೆ ಅದೂ ಇಳಿಯಿತು. ನರಳುವುದು ಎಂದು ಅತ್ತೆ ಅಂದದ್ದು ತಪ್ಪಲ್ಲ. ಕೊನೆಗೆ ಇಳಿಯುವಾಗ ಅದರಲ್ಲಿ ಉಸಿರು ಬಿಟ್ಟ ಹಾಗೊಂದು ಎಳೆತ ಇತ್ತು. ಭಾಯಿ ಕಾಲು ತೆಗೆದು, "ಇದು ಒಳ್ಳೇದಲ್ಲ ಸಾಬ್" ಎಂದ. ಅವನು ಹಾಗೆಲ್ಲ ಹೆದರುವವನಲ್ಲ.

ಎಂಜಿನ್ನಿನ ಜೊತೆ ಏರಿಳಿಯುವ ಸದ್ದು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಲ್ಲಿ ಹುಟ್ಟುತ್ತದೆ. ಡೈನಮೋ ಇರುವ ಎಲ್ಲ ಗಾಡಿಗಳಲ್ಲೂ ಅದು ಇರುತ್ತದೆ. ರೇಡಿಯೋ ಒಳಗೆ ಅದು ನುಗ್ಗಬಾರದು, ಅಷ್ಟೇ. ನುಗ್ಗಿದರೆ ಯಾವ ದಾರಿಯಲ್ಲಿ ಎಂದು ಹುಡುಕಬೇಕು. ಆಂಟೆನಾದ ವೈರು ಕಿತ್ತೆ. ಸ್ಟೇಷನ್ ಹೋಯಿತು, ಸದ್ದು ಹಾಗೇ ಉಳಿಯಿತು. ಅಂದರೆ ಗಾಳಿಯಿಂದ ಬರುತ್ತಿಲ್ಲ, ವೈರಿನಿಂದ ಬರುತ್ತಿದೆ.

ಮುಂದಿನ ಪರೀಕ್ಷೆಗೆ ಸೆಟ್ಟನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯಬೇಕು. ಆಗ ಒಂಬತ್ತೂ ಕಾಲು. ನಾಲ್ಕು ಸ್ಕ್ರೂ ಬಿಚ್ಚಿ ಸೆಟ್ಟನ್ನು ಎಳೆದೆ. ಅದರ ಹಿಂದಿನಿಂದ ಒಂದು ಕಪ್ಪು ವೈರು ಹೊರಟು ಎಂಜಿನ್ ಕಡೆಗೆ ಹೋಗಿತ್ತು. ಅದನ್ನು ಉಳಿದ ವೈರುಗಳ ಜೊತೆ ಮೇಣದ ದಾರದಿಂದ ಕಟ್ಟಿತ್ತು, ನಾಲ್ಕು ಬೆರಳಿಗೆ ಒಂದು ಗಂಟು. ಈ ಊರಿನಲ್ಲಿ ಎಲ್ಲರೂ ಪ್ಲಾಸ್ಟಿಕ್ ಟೇಪು ಸುತ್ತುತ್ತಾರೆ. ದಾರದಲ್ಲಿ ಗಂಟು ಹಾಕುವವನು ನಾನೊಬ್ಬನೇ.

ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ. ಒಂದು ಗೇಣು ಚೆನ್ನಾಗಿತ್ತು. ಅಲ್ಲಿಂದ ಮುಂದೆ ಮೇಲಿನ ಪ್ಲಾಸ್ಟಿಕ್ ಉಬ್ಬಿ, ಕರಗಿ, ಪಕ್ಕದ ವೈರುಗಳಿಗೆ ಅಂಟಿತ್ತು. ಎಂಜಿನ್ ಕಡೆಗೆ ದಾಟುವ ತೂತಿನ ಬಳಿ ಒಳಗಿನ ತಾಮ್ರ ಕಪ್ಪಾಗಿ ಎರಡು ತುಂಡಾಗಿತ್ತು. ತುದಿಯಲ್ಲಿ ಸಣ್ಣ ಗುಂಡು ಕಟ್ಟಿತ್ತು, ಕರಗಿ ಆರಿದ ಲೋಹದ ಗುಂಡು.

"ಏನಾತ್ರಿ?" ಎಂದಳು ಸೊಸೆ.

"ನೋಡ್ತಿದೀನಿ" ಎಂದೆ.

ಆ ಸೀರೆ ವ್ಯಾಪಾರಿ ಬಂದ ದಿನ ಮಧ್ಯಾಹ್ನ ಹನ್ನೆರಡೂ ನಲವತ್ತು. ಒಂದು ಗಂಟೆಗೆ ನನಗೆ ಊಟ. ಪಿಂಚಣಿಗೆ ಬಂದ ಮೇಲೂ ಆ ಹೊತ್ತನ್ನು ನಾನು ಒಂದು ದಿನವೂ ಮೀರಿದವನಲ್ಲ. ಅವನ ದೂರನ್ನು ಅರ್ಧ ಕೇಳಿದೆ. ಯಾವಾಗಿಂದ ಎಂದು ಕೇಳಲಿಲ್ಲ. ಒಂದು ತುಂಡು ಕಪ್ಪು ವೈರು ತೆಗೆದು ರೇಡಿಯೋದ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ನೇರವಾಗಿ ಹಿಡಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು. ಅದು ಪರೀಕ್ಷೆ ಮಾತ್ರ. ಆ ವೈರು ಹಿಡಿದಾಗ ಸದ್ದು ನಿಂತರೆ, ಗಾಡಿಯ ಮೈಗೂ ಬ್ಯಾಟರಿಗೂ ನಡುವೆ ಇರುವ ಅರ್ಥ್ ಕೆಟ್ಟಿದೆ ಎಂದು ತಿಳಿಯಬೇಕು. ವೈರು ತೆಗೆದು, ಕೆಟ್ಟ ಜಾಗವನ್ನು ಹುಡುಕಿಕೊಂಡು ಹೋಗಬೇಕು. ನಾನು ಗಡಿಯಾರ ನೋಡಿದೆ. ಹನ್ನೆರಡೂ ಐವತ್ತು. ಪರೀಕ್ಷೆಗೆ ಹಿಡಿದ ವೈರನ್ನೇ ಕಾಯಂ ಮಾಡಿ, ದಾರದಿಂದ ಚಂದವಾಗಿ ಕಟ್ಟಿ ಕಳಿಸಿದೆ. "ಏನ್ ಕೈಗುಣ ಹವಾಲ್ದಾರ್ರೇ ನಿಮ್ದು!" ಎಂದು ಅವನು ಎರಡು ಸಲ ಹಾರ್ನ್ ಹೊಡೆದು ಹೋದ. ಒಂದು ಗಂಟೆಗೆ ಸರಿಯಾಗಿ ನಾನು ಮುದ್ದೆ ಮುರಿಯುತ್ತಿದ್ದೆ.

ಅರ್ಥ್ ಎಂದರೇನು ಎಂದು ಇಲ್ಲಿ ಹೇಳಬೇಕು. ಕಾರಿನಲ್ಲಿ ಕರೆಂಟು ವೈರಿನಲ್ಲಿ ಹೋಗಿ ಗಾಡಿಯ ಕಬ್ಬಿಣದ ಮೈಯಲ್ಲಿ ಹಿಂದಿರುಗುತ್ತದೆ. ಲೈಟು, ಹಾರ್ನು, ವೈಪರು, ಫ್ಯಾನು, ಎಲ್ಲದರ ಕರೆಂಟೂ ಆ ಮೈಯನ್ನು ಸೇರಿ, ಒಂದು ದಪ್ಪ ಪಟ್ಟಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಎಂಜಿನ್ನಿಗೆ ಬೇರೆ ಪಟ್ಟಿ ಇರುತ್ತದೆ. ಮೈಯ ಪಟ್ಟಿ ಕೆಟ್ಟರೂ ಎಂಜಿನ್ ಓಡುತ್ತಲೇ ಇರುತ್ತದೆ. ಉಳಿದ ಕರೆಂಟು ಮಾತ್ರ ಸಿಕ್ಕ ಸಂದಿಯಲ್ಲಿ ನುಸುಳುತ್ತದೆ. ನಾನು ರೇಡಿಯೋಗೆ ಎಳೆದುಕೊಟ್ಟದ್ದು ಅಂಥ ಒಂದು ಸಂದಿ. ಒಂದು ರೇಡಿಯೋ ಹೊರಬಲ್ಲ ಸಣ್ಣ ವೈರಿನ ಮೇಲೆ ಇಡೀ ಗಾಡಿಯ ಲೈಟಿನ ಭಾರ ಬಿತ್ತು. ಎಂಟು ತಿಂಗಳು ಅದು ಆ ಭಾರ ಹೊತ್ತುಕೊಂಡಿತು.

ಹತ್ತೂ ಇಪ್ಪತ್ತಕ್ಕೆ ಸೊಸೆ ಆಟೋ ಹಿಡಿದು ಅತ್ತೆಯನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಹೋಗುವ ಮೊದಲು, "ಸದ್ದು ಹೋಗ್ತೈತೇನ್ರಿ?" ಎಂದು ಕೇಳಿದಳು. "ಇದು ಹೋಗಲಿಲ್ಲ ಅಂದ್ರೆ ನಾನು ಈ ಗಾಡಿ ಓಡ್ಸಾಕೆ ಆಗಲ್ಲ. ಪ್ರತಿ ಸಲ ಬಿ.ಜಿ. ಕೆರೆ ದಾಟುವಾಗ ಕೈ ತಣ್ಣಗಾಗ್ತಾವೆ. ಫೋನ್ ಇಟ್ಟುಬಿಟ್ಟಿದ್ರೆ ಬದುಕ್ತಿದ್ರಾ ಅನ್ಸುತ್ತೆ."

"ಸದ್ದು ಹೋಗ್ತೈತೆ" ಎಂದೆ. ಅಷ್ಟು ಮಾತ್ರ ಹೇಳುವ ಅಧಿಕಾರ ನನಗಿತ್ತು.

ಅವರು ಹೋದ ಮೇಲೆ ಕೆಲಸ ಮುಂದುವರಿಸಿದೆ. ಸೆಟ್ಟನ್ನು ರಬ್ಬರ್ ಹಾಳೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ಬೇರೆ ಬ್ಯಾಟರಿಯಿಂದ ಎರಡೂ ವೈರು ಕೊಟ್ಟೆ. ಎಂಜಿನ್ ಓಡುತ್ತಿದ್ದರೂ ರೇಡಿಯೋ ಶುದ್ಧ. ಪಾಸಿಟಿವ್ ಅದೇ ಇರಲಿ ಎಂದು, ಎರಡೂ ಬ್ಯಾಟರಿಯ ನೆಗೆಟಿವ್ ಸೇರಿಸಿ, ಸೆಟ್ಟಿನ ನೆಗೆಟಿವ್ ಮಾತ್ರ ಗಾಡಿಯ ಮೈಗೆ ಕೊಟ್ಟೆ. ಸದ್ದು ಮರಳಿತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಗಾಡಿಯ ಮೈ ಮೇಲೆ. ಫ್ಯಾನು, ವೈಪರು, ಬ್ರೇಕ್ ಲೈಟು ಎಲ್ಲ ಹಚ್ಚಿಸಿದೆ. ಅಲ್ಲಿ ಒಂದು ವೋಲ್ಟಿನ ಹತ್ತರಲ್ಲಿ ಒಂದು ಭಾಗ ತೋರಿಸಿದರೂ ಹೆಚ್ಚು. ಮೀಟರು ಎರಡು ವೋಲ್ಟು ದಾಟಿತು. ಹೆಡ್‌ಲೈಟ್ ಹಚ್ಚಿದರೆ ಲೆಕ್ಕ ಬದಲಾಗಲಿಲ್ಲ. ನೋಡಿದರೆ, ಅಪಘಾತದ ನಂತರ ರಿಪೇರಿ ಮಾಡಿದವರು ಹೆಡ್‌ಲೈಟಿಗೆ ಮಾತ್ರ ಬ್ಯಾಟರಿಯಿಂದ ಬೇರೆ ವೈರು ಎಳೆದಿದ್ದರು. ಲೈಟು ಬೆಳಗಿದ ಮೇಲೆ ಅವರು ಮುಂದಕ್ಕೆ ಹುಡುಕಿಲ್ಲ. ಅವರನ್ನು ಅನ್ನಲು ನನಗೆ ಬಾಯಿಲ್ಲ.

ಆಕ್ಸಿಲರೇಟರಿನ ಕೇಬಲ್ ಬಿಚ್ಚಿ ನೋಡಿದೆ. ಅದರ ಹೊರ ಹೊದಿಕೆ ಒಂದು ಕಡೆ ಸುಟ್ಟು ಗಟ್ಟಿಯಾಗಿತ್ತು. ಕರೆಂಟು ಅದರಲ್ಲೂ ನುಸುಳಿತ್ತು.

ಹನ್ನೊಂದೂ ಕಾಲಿಗೆ ಬ್ಯಾಟರಿ ಎತ್ತಿ ಕೆಳಗಿಟ್ಟು, ಅದು ಕೂರುವ ತಟ್ಟೆಯನ್ನೂ ಬಿಚ್ಚಿದೆ. ಮೈಯ ಪಟ್ಟಿ ಬಂದು ಸೇರುವ ಬೋಲ್ಟು ಅದರ ಕೆಳಗಿತ್ತು. ಬೋಲ್ಟಿನ ತಲೆಯ ಅಡಿಯಿಂದ ಬಟ್ಟೆಯ ಅಂಚು ಹೊರಗೆ ಚಾಚಿತ್ತು. ಒಂದು ಕಾಲಕ್ಕೆ ಅರಿಶಿನದ ಬಟ್ಟೆ. ಪಾನಾ ಹಾಕಿ ಬೋಲ್ಟು ಬಿಚ್ಚಿದೆ. ಪಟ್ಟಿಗೂ ಕಬ್ಬಿಣಕ್ಕೂ ನಡುವೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಅಂಗೈಯಗಲದ ತಾಮ್ರದ ತಗಡು. ನಡುವೆ ಬೋಲ್ಟಿಗೆ ತೂತು ಕೊರೆದಿತ್ತು. ಅದರ ಮೇಲೆ ಗೆರೆಗಳು, ಮನೆಗಳು, ಬೀಜಾಕ್ಷರಗಳು. ನಿಂಬೆಹುಳಿ, ಕುಂಕುಮ, ಮಳೆನೀರು ಸೇರಿ ತಗಡಿನ ಅಂಚು ಹಸಿರುಗಟ್ಟಿ, ಕೆಳಗಿನ ಕಬ್ಬಿಣ ಪದರ ಪದರವಾಗಿ ಎದ್ದಿತ್ತು.

ಗಾಡಿಗೆ ಯಂತ್ರ ಕಟ್ಟಿಸದವರು ನಮ್ಮ ಕಡೆ ಕಡಿಮೆ. ಸ್ಟೇರಿಂಗಿಗೆ, ಕನ್ನಡಿಗೆ, ಬಂಪರಿಗೆ ಕಟ್ಟಿದ್ದನ್ನು ನೂರಾರು ಕಂಡಿದ್ದೇನೆ. ಈ ಜಾಗದಲ್ಲಿ ಕಂಡಿರಲಿಲ್ಲ.

ಭಾಯಿ ಬಗ್ಗಿ ನೋಡಿದ. ಕರಗಿದ ವೈರು ನನ್ನದು ಎಂದು ಅವನಿಗೆ ಅಷ್ಟರಲ್ಲಿ ಹೇಳಿದ್ದೆ.

"ಸಾಬ್, ಒಂದ್ಮಾತು. ಉಜ್ಜಿ, ಹೊಸ ಪಟ್ಟಿ ಹಾಕಿ ಮುಚ್ಚಿಬಿಡ್ರಿ. ಮುದುಕಿ ಎದೆ ಒಡ್ಕೊಂತಾಳೆ. ನಿಮಗೂ ಯಾಕೆ ಬೇಕು ಈ ವಯಸ್ಸಿನಾಗೆ? ಸದ್ದು ಹೋದ್ರೆ ಸಾಕಲ್ಲ ಅವ್ರಿಗೆ."

"ಸದ್ದು ಹೋದ್ರೆ ಸಾಕು ಅಂತ ಒಂದ್ಸಲ ಮಾಡಿದೀನಲ್ಲ ಭಾಯಿ."

"ಹೋದೋರು ಹೋದ್ರು ಸಾಬ್."

"ಇದ್ದೋಳು ಇದ್ದಾಳಲ್ಲ."

ಅವನು ತನ್ನ ಶೆಡ್ಡಿಗೆ ಹೋದ. ಅವತ್ತು ಅಲ್ಲಿಂದ ಸುತ್ತಿಗೆಯ ಸದ್ದು ಬರಲಿಲ್ಲ.

ನಾನೂ ಧೈರ್ಯವಂತನಲ್ಲ. ತುಕ್ಕು ಉಜ್ಜುವ ಉಪ್ಪುಕಾಗದ ಕೈಯಲ್ಲಿ ಹಿಡಿದುಕೊಂಡಿದ್ದೆ. ಹತ್ತು ನಿಮಿಷದ ಕೆಲಸ. ಉಜ್ಜಿದರೆ ಕಬ್ಬಿಣ ಬೆಳ್ಳಗಾಗುತ್ತದೆ. ಹೊಸ ಪಟ್ಟಿ ಹಾಕಿದರೆ ಸದ್ದು ಹೋಗುತ್ತದೆ. ಆಕೆ ಕೈ ಮುಗಿದು ಹೋಗುತ್ತಾಳೆ. ಗಂಡನ ಹಾಗೆಯೇ ಹೊಗಳುತ್ತಾಳೆ. ಮನೆಗೆ ಹೋಗಿ ಅದೇ ಮಾತು ಕೇಳುತ್ತಾಳೆ. ಎಂಜಿನ್ ಆರಿತ್ತು, ರೇಡಿಯೋ ಆರಿತ್ತು. ಆದರೂ ಕಿವಿಯೊಳಗೆ ಆ ದನಿ ಏರಿ ಇಳಿಯಿತು. ಆರಿಸಿದರೂ ಕೇಳುತ್ತದೆ ಎಂದು ಆಕೆ ಹೇಳಿದ್ದು ಏನೆಂದು ಆಗ ಗೊತ್ತಾಯಿತು.

ಉಪ್ಪುಕಾಗದ ಕೆಳಗಿಟ್ಟೆ. ಕೆಟ್ಟ ಜಾಗವನ್ನು ಮುಟ್ಟದೆ ಇದ್ದ ಹಾಗೇ ಬಿಟ್ಟೆ. ನೆಲದ ಮೇಲೆ ಪೇಪರ್ ಹಾಸಿ ಅದರ ಮೇಲೆ ಕರಗಿದ ವೈರು, ಸುಟ್ಟ ಕೇಬಲ್, ತಗಡು, ಬಟ್ಟೆ, ಬೋಲ್ಟು ಸಾಲಾಗಿ ಇಟ್ಟು ಕಾಯುತ್ತಾ ನಿಂತೆ.

ಅವರು ಬಂದಾಗ ಒಂದು ಗಂಟೆ ದಾಟಿತ್ತು. ಅತ್ತೆಯ ಕಣ್ಣಿಗೆ ಡಾಕ್ಟರು ಹನಿ ಹಾಕಿದ್ದರು. ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು, ಸೊಸೆಯ ಭುಜ ಹಿಡಿದು ನಡೆದು ಬಂದರು. ಕಣ್ಣು ಮಂಜು. ಬೆಂಚು ಎಲ್ಲಿ ಎಂದು ಕೈಯಿಂದ ತಡವಿ ಕೂತರು. ಕಾರ್ತಿಕ ಸೋಮವಾರದ ಒಪ್ಪೊತ್ತು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ.

ನಾನು ನಿಂತುಕೊಂಡೇ ಹೇಳಿದೆ.

"ಅವತ್ತು ಈ ಗಾಡಿ ಸರಿ ಮಾಡಿಕೊಟ್ಟ ಚಳ್ಳಕೆರೆಯವ ನಾನೇ."

ವೈರನ್ನು ಎತ್ತಿ ಸೊಸೆಗೆ ತೋರಿಸಿದೆ. ಎಲ್ಲಿಂದ ಎಲ್ಲಿಗೆ ಎಳೆದೆ, ಯಾಕೆ ಎಳೆದೆ, ಏನು ಮಾಡಬೇಕಿತ್ತು, ಏನು ಮಾಡಲಿಲ್ಲ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಕೊನೆಗೆ ಹೇಳಿದೆ: "ನಿಮ್ಮ ಯಜಮಾನ್ರು ಫೋನ್‌ನಾಗೆ ಹೇಳಿದ್ದು ನಿಜ. ರೇಡಿಯೋ ಕೂಗಿದ್ದೂ ಲೈಟ್ ಇಳಿದಿದ್ದೂ ಒಟ್ಟಿಗೇ ಆಗೈತೆ. ಈ ವೈರು ಕರಗಿದ ಕ್ಷಣದಾಗೆ. ನೀವು ಫೋನ್ ಮಾಡಿದ್ರೂ ಲೈಟ್ ಹೋಗ್ತಿತ್ತು, ಮಾಡ್ದೇ ಇದ್ರೂ ಹೋಗ್ತಿತ್ತು."

"ಇನ್ನೊಂದ್ಸಲ ಹೇಳ್ರಿ" ಎಂದಳು.

ಅದೇ ಮಾತನ್ನು, ಅದೇ ಕ್ರಮದಲ್ಲಿ, ಇನ್ನೊಂದು ಸಲ ಹೇಳಿದೆ.

ಆಕೆ ಗಾಡಿಯ ಚಕ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಗ್ರೀಸು ಇದೆ, ಸೀರೆ ಕೆಡುತ್ತದೆ ಎಂದೆ. "ಪರವಾಲೇದು" ಎಂದಳು. ರಾಯದುರ್ಗದ ಕಡೆಯಿಂದ ಬಂದ ಸೊಸೆ ಎಂದು ಆಗ ತಿಳಿಯಿತು. ತವರಿನ ತೆಲುಗು ತಾನಾಗಿ ಬಾಯಿಗೆ ಬಂದಿತ್ತು. ಅಲ್ಲೇ ಕೂತು ಹೇಳಿದಳು: "ಇಡು ಅಂದ್ರು. ನಾನು ಇಡಲಿಲ್ಲ. ಏನಾಯ್ತು, ಏನಾಯ್ತು ಅಂತ ಕೇಳ್ತಾನೇ ಇದ್ದೆ."

ನಾನು ವೈರನ್ನು ಪೇಪರಿನ ಮೇಲೆ ಮರಳಿ ಇಟ್ಟೆ.

"ಅಲ್ಲಿ ಇನ್ನೇನೋ ಇಟ್ಟೀರಲ್ಲ, ಕೆಂಪಗೆ" ಎಂದರು ಅತ್ತೆ. "ನನ್ನ ಕೈಗೆ ಕೊಡ್ರಿ."

ಕಣ್ಣಿಗೆ ಮಂಜು ಕವಿದಿದ್ದರೂ ತಾಮ್ರದ ಬಣ್ಣ ಅವರಿಗೆ ಕಂಡಿತ್ತು. ತಗಡನ್ನು ಅವರ ಅಂಗೈಯಲ್ಲಿ ಇಟ್ಟೆ. ಹೆಬ್ಬೆರಳಿನಿಂದ ಗೆರೆಗಳನ್ನು ಸವರಿದರು. ನಡುವಿನ ತೂತಿನ ಹತ್ತಿರ ಬೆರಳು ನಿಂತಿತು.

"ಇದು ನಮ್ಮ ಕೇರಿ ಅಯ್ನೋರು ಬರೆದುಕೊಟ್ಟಿದ್ದು. ಜಟಿಂಗ ರಾಮೇಶ್ವರ ಹತ್ತಿ ಪೂಜೆ ಮಾಡಿಸ್ಕೊಂಡು ಬಂದಿದ್ದೆ. ಆಮೇಲೆ ಬೆಟ್ಟ ಹತ್ತಾಕೆ ಮೊಣಕಾಲು ಬರಲಿಲ್ಲ. ಗಾಡಿ ಕಬ್ಬಿಣಕ್ಕೆ ತಾಗಿರಬೇಕು ಅಂದಿದ್ರು. ಆಯುಧಪೂಜೆ ದಿನ ಮಗ ಬ್ಯಾಟ್ರಿ ಹೊಸದು ಹಾಕಿಸ್ತಿದ್ದ. ಗಟ್ಟಿ ಜಾಗದಾಗೆ ಕೂರಿಸಪ್ಪ, ಯಾರ ಕಣ್ಣಿಗೂ ಬೀಳಬಾರ್ದು ಅಂದೆ. ಎಲ್ಲಿತ್ತು ಇದು?"

"ಬ್ಯಾಟ್ರಿ ಕೆಳಗೆ. ಬೋಲ್ಟಿನ ಅಡಿಯಾಗೆ."

"ಅಲ್ಲಿ ಇರಬಾರದಿತ್ತೇನು?"

"ಇರಬಾರದಿತ್ತು ಅವ್ವ."

"ಹಂಗಾರೆ ಇದರಿಂದ್ಲೇ."

"ಸದ್ದು ಶುರುವಾಗಿದ್ದು ಇದರಿಂದ. ಸದ್ದು ಕೇಳಿದ ಮೇಲೆ ಇದನ್ನ ಹುಡುಕಬೇಕಾದವನು ನಾನು. ನಿಮ್ಮ ಮಗ ಅದಕ್ಕೇ ಗಾಡಿ ತಂದಿದ್ದ. ನಾನು ಹುಡುಕಲಿಲ್ಲ."

ಅತ್ತೆ ತಗಡನ್ನು ಮಡಿಲಲ್ಲಿ ಇಟ್ಟುಕೊಂಡರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಮಂಜುಗಣ್ಣನ್ನು ರಸ್ತೆಯ ಕಡೆಗೆ ತಿರುಗಿಸಿ ಕೂತರು. ಎಣ್ಣೆ ಮಿಲ್ಲಿಗೆ ಶೇಂಗಾ ಹೊತ್ತ ಲಾರಿಗಳು ಹೋಗುತ್ತಿದ್ದವು.

"ಕೆಲಸ ಮುಗ್ಸಿ" ಎಂದಳು ಸೊಸೆ, ನೆಲದಿಂದ ಏಳುತ್ತಾ.

ಮುಗಿಸಿದೆ. ತುಕ್ಕು ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ಹೊಸ ದಪ್ಪ ಪಟ್ಟಿ, ಹೊಸ ಬೋಲ್ಟು, ಹಲ್ಲಿನ ವಾಷರು ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದೆ. ಎಂಜಿನ್ನಿನಿಂದ ಮೈಗೆ ಇನ್ನೊಂದು ಪಟ್ಟಿ ಹಾಕಿದೆ. ಹೆಡ್‌ಲೈಟಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಆಕ್ಸಿಲರೇಟರಿಗೆ ಹೊಸ ಕೇಬಲ್. ನನ್ನ ಕಪ್ಪು ವೈರಿನ ಉಳಿದ ಭಾಗವನ್ನು ಗಂಟು ಗಂಟಾಗಿ ಬಿಚ್ಚಿ ಹೊರಗೆ ತೆಗೆದೆ. ಗಟ್ಟಿ ಗಂಟುಗಳು. ಕತ್ತರಿಸಬಹುದಿತ್ತು. ಬಿಚ್ಚಿದೆ. ನಾಲ್ಕು ಗಂಟೆಗೆ ಎಲ್ಲ ಹಚ್ಚಿ ಅಳೆದಾಗ ಮೀಟರು ವೋಲ್ಟಿನ ನೂರರಲ್ಲಿ ನಾಲ್ಕು ಭಾಗ ತೋರಿಸಿತು.

ಎಂಜಿನ್ ಹಚ್ಚಿ ರೇಡಿಯೋ ಹಾಕಿದೆ. ಆಕ್ಸಿಲರೇಟರನ್ನು ಸೊಸೆಯೇ ಒತ್ತಿದಳು. ಮೊದಲು ಸ್ವಲ್ಪ, ಆಮೇಲೆ ಪೂರ್ತಿ. ಶೇಂಗಾದ ಎಲೆಚುಕ್ಕೆ ರೋಗಕ್ಕೆ ಏನು ಸಿಂಪಡಿಸಬೇಕು ಎಂದು ಯಾರೋ ಹೇಳುತ್ತಿದ್ದರು. ಮಾತು ಮಾತಾಗಿಯೇ ಕೇಳಿತು. ಎಂಜಿನ್ ಎಷ್ಟು ಏರಿದರೂ ಅದರ ಹಿಂದೆ ಏನೂ ಇರಲಿಲ್ಲ. ಆಕೆ ಸಿಂಪಡಣೆಯ ಮಾತನ್ನು ಕೊನೆಯ ತನಕ ಕೇಳಿ ಆರಿಸಿದಳು. ಎಂಜಿನ್ನನ್ನೂ ಆರಿಸಿ, ತಲೆ ಬಗ್ಗಿಸಿ, ಒಂದು ನಿಮಿಷ ಕಿವಿಗೊಟ್ಟು ಕೂತಳು.

"ಈಗ?" ಎಂದೆ.

"ಗೊತ್ತಿಲ್ರಿ. ರಸ್ತೆಗೆ ಹೋದ್ಮೇಲೆ ಗೊತ್ತಾಗ್ತೈತೆ."

ನಾನು ಕೈ ತೊಳೆಯುತ್ತಿದ್ದಾಗ ಅತ್ತೆ ಕರೆದರು. "ಹವಾಲ್ದಾರ್ರೇ, ನೀವು ಹೇಳಿದ್ದನ್ನ ಬರೆದು ಕೊಡ್ರಿ. ನಮ್ಮ ದೊಡ್ಡ ಮಗ ಇದಾನೆ, ಮೈದುನಂದಿರು ಇದಾರೆ. ನಾನು ಬಾಯಲ್ಲಿ ಹೇಳಿದ್ರೆ ಮುದುಕಿಗೆ ಅರಳು ಮರಳು ಅಂತಾರೆ."

ಅಂಗಡಿಯ ಹೆಸರಿರುವ ಹಾಳೆ ತೆಗೆದೆ. ದೋಷ, ಕಾರಣ, ಪರಿಹಾರ ಎಂದು ಮೂರು ಭಾಗ ಮಾಡಿ ಬರೆದೆ. ರೇಡಿಯೋಗೆ ನಾನು ತಪ್ಪಾಗಿ ಎಳೆದ ವೈರು, ಅದರ ಮೇಲೆ ಬಿದ್ದ ಭಾರ, ಅದು ಕರಗಿದ ಬಗೆ, ಆಗ ಲೈಟು ಇಳಿಯಲೇಬೇಕಾಗಿದ್ದದ್ದು, ಅದಕ್ಕೂ ಫೋನಿಗೂ ಸಂಬಂಧವಿಲ್ಲದ್ದು. ಕಾರಣ ಎಂಬ ಕಡೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ.

"ಓದ್ರಿ" ಎಂದರು. ಓದಿದೆ.

"ತಗಡು ಎಲ್ಲಿ?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ತಗಡು ಬರೀಲಿಲ್ಲ ನೀವು."

"ಅದನ್ನ ಬರೆದ್ರೆ ನಿಮ್ಮ ಹೆಸರು ಬರ್ತೈತೆ ಅವ್ವ."

"ಎರಡು ವರ್ಷ ಇವಳ ಹೆಸರು ಬಂದೈತಲ್ಲ" ಎಂದರು. "ಬರೀರಿ."

ಸೊಸೆ, "ಬ್ಯಾಡ ಅತ್ತೆ" ಎಂದಳು. "ಅಷ್ಟು ಬರೆದಿದ್ದೇ ಸಾಕು."

"ನೀನು ಸುಮ್ಕಿರೇ" ಎಂದರು ಅತ್ತೆ. ಬೆಳಿಗ್ಗೆ ಗದರಿದ ದನಿಯಲ್ಲೇ ಗದರಿದರು. ಕೈ ಮಾತ್ರ ಸೊಸೆಯ ಮೊಣಕೈಯನ್ನು ಹುಡುಕಿ ಹಿಡಿದಿತ್ತು. "ಅರ್ಧ ಬರೆದ ಕಾಗ್ದ ಯಾರು ನಂಬ್ತಾರೆ?"

ಆ ಹಾಳೆಯನ್ನು ಹರಿದು ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದೆ. ತಗಡು ಎಲ್ಲಿತ್ತು, ಯಾರು ತಂದದ್ದು, ಯಾರು ಕೂರಿಸಿದ್ದು, ಅದರಿಂದ ಅರ್ಥ್ ಹೇಗೆ ಕೆಟ್ಟಿತು. ಅದಾದ ಮೇಲೆ ಸದ್ದು, ಸದ್ದು ಆದ ಮೇಲೆ ನಾನು. ನಡೆದ ಕ್ರಮ ಅದೇ. ಮತ್ತೆ ಓದಿದೆ. ಅತ್ತೆ ಪ್ರತಿ ಸಾಲಿಗೂ "ಹೂಂ" ಎಂದರು. ಓದಿ ಮುಗಿದ ಮೇಲೆ ನಾನು ಸಹಿ ಹಾಕಿದೆ.

"ನಂದೂ ಇರ್ಲಿ" ಎಂದರು.

ಶಾಯಿಯ ಡಬ್ಬಿ ತೆರೆದೆ. ಕಣ್ಣಿಗೆ ಜಾಗ ಕಾಣುತ್ತಿರಲಿಲ್ಲ. ಸೊಸೆ ಅವರ ಹೆಬ್ಬೆರಳನ್ನು ಹಿಡಿದು, ಶಾಯಿಗೆ ಒತ್ತಿ, ನನ್ನ ಸಹಿಯ ಪಕ್ಕಕ್ಕೆ ತಂದಳು. ಅಲ್ಲಿ ಸ್ವಲ್ಪ ತಡೆದಳು. ಅತ್ತೆ ತಾವೇ ಒತ್ತಿದರು.